ಕಬ್ಬಿಣದ ಬೀರುವಿನೊಳಗಿನ ಸೆಕೆ

ಯಾವುದಾದರೂ ಕಾರ್ಖಾನೆಗೆ ಹೋಗಿ ಬಂದವರು ಗೋಡೆಯ ಬದಿಗೆ ಸಾಲಾಗಿ ನಿಂತ ಬೂದುಬಣ್ಣದ ಉಕ್ಕಿನ ಬೀರುಗಳನ್ನು ಕಂಡಿರಬಹುದು. ನೋಟಕ್ಕೆ ನಮ್ಮ ಮನೆಗಳಲ್ಲಿ ಬಟ್ಟೆಬರೆ ಇಡುವ ಬೀರುಗಳಂತೆಯೇ ಇರುತ್ತವೆ. ಬಾಗಿಲ ಮೇಲೆ ಮಾತ್ರ ಕೆಂಪು ಹಸಿರು ದೀಪಗಳು ಮಿನುಗುತ್ತವೆ. ಪಕ್ಕದಲ್ಲಿ ತಲೆಬುರುಡೆಯ ಚಿತ್ರ ಬರೆದು ‘ಅಪಾಯ’ ಎಂದು ಎಚ್ಚರಿಸಿರುತ್ತದೆ. ಕಾರ್ಖಾನೆಯವರು ಇವನ್ನು ಪ್ಯಾನೆಲ್ ಎಂದು ಕರೆಯುತ್ತಾರೆ. ಯಾವ ಮೋಟಾರು ಯಾವಾಗ ಹೊರಡಬೇಕು, ಎಷ್ಟು ವೇಗದಲ್ಲಿ ತಿರುಗಬೇಕು, ಎಲ್ಲಿ ನಿಲ್ಲಬೇಕು ಎಂಬ ಅಪ್ಪಣೆಗಳೆಲ್ಲ ಹೊರಡುವುದು ಈ ಬೀರುಗಳಿಂದಲೇ. ಹೊರಗೆ ಗದ್ದಲಮಾಡುವ ಯಂತ್ರಗಳು ಕೈಕಾಲುಗಳಾದರೆ ಒಳಗೆ ಸದ್ದಿಲ್ಲದೆ ಕುಳಿತಿರುವ ಈ ಎಲೆಕ್ಟ್ರಾನಿಕ್ ಸಾಮಗ್ರಿ ಮಿದುಳು. ಮಿದುಳಿಗೆ ಜ್ವರ ಬಂದರೆ ಕೈಕಾಲುಗಳ ಗತಿ ಏನಾಗುತ್ತದೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಈ ಜ್ವರ ಬರುವ ಬಗೆ, ಅದನ್ನು ಇಳಿಸುವ ಉಪಾಯಗಳು, ಆ ಉಪಾಯಗಳಲ್ಲಿ ಯಾವುದನ್ನು ಎಲ್ಲಿ ಆರಿಸಿಕೊಳ್ಳಬೇಕೆಂಬ ವಿವೇಕ, ಇವು ಇಂದಿನ ವಿಷಯ.

ವಿದ್ಯುತ್ತು ಎಲ್ಲಿ ಹರಿಯುತ್ತದೋ ಅಲ್ಲಿ ಅದರ ಒಂದಂಶ ಶಾಖವಾಗಿ ಪರಿಣಮಿಸುತ್ತದೆ. ಇದರಿಂದ ತಪ್ಪಿಸಿಕೊಂಡ ಉಪಕರಣ ಇನ್ನೂ ಹುಟ್ಟಿಲ್ಲ. ಅಮೆರಿಕದ ಫಿಲಡೆಲ್ಫಿಯಾದಲ್ಲಿ 1946ರಲ್ಲಿ ಲೋಕಕ್ಕೆ ತೋರಿಸಲ್ಪಟ್ಟ ಎನಿಯಾಕ್ ಎಂಬ ಗಣಕಯಂತ್ರದಲ್ಲಿ ಸುಮಾರು 18,000 ನಿರ್ವಾತ ಕೊಳವೆಗಳಿದ್ದವು. ಅದು ತಿನ್ನುತ್ತಿದ್ದ ವಿದ್ಯುತ್ತು ಸುಮಾರು 150 ಕಿಲೋವಾಟ್. ಲೆಕ್ಕದ ಉತ್ತರಗಳ ಜೊತೆಗೆ ಅದು ಒಂದು ಭಾರಿ ಒಲೆಯಷ್ಟು ಶಾಖವನ್ನೂ ಕೊಡುತ್ತಿತ್ತು. ಅದನ್ನು ಹೊರದೂಡಲು ದೊಡ್ಡ ಗಾಳಿಯಂತ್ರಗಳನ್ನು ಕೂಡಿಸಬೇಕಾಯಿತು. ಕೊಳವೆಗಳು ಹೋಗಿ ಅರೆವಾಹಕಗಳು ಬಂದ ಮೇಲೆ ಶಾಖ ಕಡಮೆಯಾಯಿತು, ನಿಜ. ಆದರೆ ಪೆಟ್ಟಿಗೆಗಳೂ ಚಿಕ್ಕವಾದವು. ಹತ್ತು ಮಂದಿ ಇದ್ದ ಕೋಣೆಯಿಂದ ಐದು ಮಂದಿಯನ್ನು ಕಳುಹಿಸಿ, ಉಳಿದ ಐವರನ್ನು ಒಂದು ಪೆಟಾರಿಯೊಳಗೆ ಕೂಡಿಹಾಕಿದ ಹಾಗೆ.

ಇಂದಿನ ಪ್ಯಾನೆಲುಗಳಲ್ಲಿ ಹೆಚ್ಚಾಗಿ ಬಿಸಿಯಾಗುವ ವಸ್ತು ಡ್ರೈವ್. ಮೋಟಾರಿಗೆ ಹೋಗುವ ವಿದ್ಯುತ್ತಿನ ಆವರ್ತನವನ್ನು ಹೆಚ್ಚುಕಡಮೆ ಮಾಡಿ ಅದರ ವೇಗವನ್ನು ಬೇಕಾದಂತೆ ಬದಲಾಯಿಸುವ ಉಪಕರಣ ಇದು. ತನ್ನ ಮೂಲಕ ಹಾದುಹೋಗುವ ಶಕ್ತಿಯಲ್ಲಿ ನೂರಕ್ಕೆ ಸುಮಾರು ಮೂರರಷ್ಟನ್ನು ಅದು ಶಾಖವಾಗಿ ಚೆಲ್ಲುತ್ತದೆ. ಮೂರು ಪಾಲು ತಾನೆ ಎನ್ನಬೇಡಿ. 30 ಕಿಲೋವಾಟಿನ ಡ್ರೈವಿನಲ್ಲಿ ಅದು 900 ವಾಟ್. ನಿಮ್ಮ ಮನೆಯ ಇಸ್ತ್ರಿಪೆಟ್ಟಿಗೆಯನ್ನು ಮುಚ್ಚಿದ ಬೀರುವಿನೊಳಗೆ ಹಗಲೂ ರಾತ್ರಿ ಉರಿಯಬಿಟ್ಟಂತೆ. ಇದರ ಜೊತೆಗೆ ಟ್ರಾನ್ಸ್‌ಫಾರ್ಮರು, ಕಾಂಟಾಕ್ಟರುಗಳು, ವಿದ್ಯುತ್ ಸರಬರಾಯಿಯ ಘಟಕಗಳು ಸೇರಿ ಇನ್ನೊಂದು 150 ವಾಟನ್ನು ಕೊಟ್ಟರೆ ಒಟ್ಟು 1,050 ವಾಟ್ ಆಯಿತು. ಈ ಅಂಕಿಯನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಶಾಖದಿಂದ ಕೆಡುವುದು ಏನು? ಉಪಕರಣ ಒಮ್ಮೆಲೇ ಸುಟ್ಟುಹೋಗುವುದು ಅಪರೂಪ. ಅದು ಬೇಗ ಮುದಿಯಾಗುತ್ತದೆ. ಡ್ರೈವುಗಳಲ್ಲಿ ವಿದ್ಯುದ್ವಿಚ್ಛೇದ್ಯ ದ್ರವ ತುಂಬಿದ ಧಾರಕಗಳು, ಎಂದರೆ ಕೆಪ್ಯಾಸಿಟರುಗಳು ಇರುತ್ತವೆ. ಬಿಸಿಗೆ ಆ ದ್ರವ ಮೆಲ್ಲಮೆಲ್ಲಗೆ ಆರುತ್ತದೆ. ಉಷ್ಣತೆ ಪ್ರತಿ 10 ಡಿಗ್ರಿ ಏರಿದಾಗಲೂ ಅವುಗಳ ಆಯುಸ್ಸು ಅರ್ಧಕ್ಕೆ ಇಳಿಯುತ್ತದೆಂಬುದು ಈ ಕಸುಬಿನವರೆಲ್ಲ ಒಪ್ಪಿರುವ ಸ್ಥೂಲನಿಯಮ. ಹತ್ತು ವರ್ಷ ಬಾಳಬೇಕಾದುದು 10 ಡಿಗ್ರಿ ಹೆಚ್ಚಿದರೆ ಐದು ವರ್ಷ. 20 ಡಿಗ್ರಿ ಹೆಚ್ಚಿದರೆ ಎರಡೂವರೆ ವರ್ಷ. ಮುದಿತನ ಹೊರಗೆ ಕಾಣದು. ಬಾಗಿಲ ದೀಪಗಳು ಎಂದಿನಂತೆ ಮಿನುಗುತ್ತಲೇ ಇರುತ್ತವೆ. ಒಂದು ದಿನ, ಅದೂ ಕೆಲಸ ಮೈತುಂಬ ಇರುವ ದಿನವೇ, ಡ್ರೈವು ತನ್ನನ್ನು ತಾನು ರಕ್ಷಿಸಿಕೊಳ್ಳಲು ನಿಂತುಬಿಡುತ್ತದೆ. ಸುಗ್ಗಿಯ ತಿಂಗಳಿನಲ್ಲಿ ಅಕ್ಕಿಗಿರಣಿಯ ಮುಂದೆ ಭತ್ತದ ಗಾಡಿಗಳು ಸಾಲುಗಟ್ಟಿರುವಾಗ ಹೀಗಾದರೆ ನಷ್ಟ ಗಿರಣಿಯವನೊಬ್ಬನದೇ ಅಲ್ಲ. ಹಸಿ ಭತ್ತವನ್ನು ಚೀಲದಲ್ಲಿ ಹೊತ್ತು ತಂದ ರೈತನದೂ ಹೌದು.

ಹಾಗಾದಾಗ ನಮ್ಮ ಜನ ಏನು ಮಾಡುತ್ತಾರೆ? ಪ್ಯಾನೆಲಿನ ಬಾಗಿಲನ್ನು ತೆರೆದು, ಎದುರಿಗೆ ಒಂದು ಕಾಲುಪಂಖವನ್ನು ನಿಲ್ಲಿಸುತ್ತಾರೆ. ಇದನ್ನು ನಾನು ಎಷ್ಟು ಕಡೆ ನೋಡಿದ್ದೇನೆಂದು ಲೆಕ್ಕವಿಟ್ಟಿಲ್ಲ. ತುಂಗಭದ್ರಾ ಕಾಲುವೆಯ ಸೀಮೆಯ ಒಂದು ಗಿರಣಿಯಲ್ಲಂತೂ ಬಾಗಿಲು ತಾನಾಗಿ ಮುಚ್ಚಿಕೊಳ್ಳದಂತೆ ಅದನ್ನು ತೆಂಗಿನ ಹಗ್ಗದಿಂದ ಕಿಟಕಿಯ ಸರಳಿಗೆ ಬಿಗಿದಿದ್ದರು. ಬಾಗಿಲು ತೆರೆದೊಡನೆ ವಿದ್ಯುತ್ತು ಕಡಿದುಹೋಗಲೆಂದು ಇಟ್ಟಿದ್ದ ಗುಂಡಿಯನ್ನು ಅಂಟುಪಟ್ಟಿ ಸುತ್ತಿ ಒತ್ತಿಹಿಡಿದಿದ್ದರು. ಒಳಗೆ 415 ವೋಲ್ಟಿನ ತಾಮ್ರದ ಪಟ್ಟಿಗಳು ಬರಿಮೈಯಲ್ಲಿ ಹೊಳೆಯುತ್ತಿದ್ದವು. ಅವುಗಳಿಂದ ಒಂದು ಮೊಳ ದೂರದಲ್ಲಿ ಹದಿನೆಂಟು ಹತ್ತೊಂಬತ್ತರ ಹುಡುಗನೊಬ್ಬ, ಬೆವರಿದ ಮೈಯಲ್ಲಿ, ಪಂಖದ ಗಾಳಿ ತನಗೂ ಬೀಳಲೆಂದು ಸ್ಟೂಲು ಹಾಕಿಕೊಂಡು ಕುಳಿತಿದ್ದ. ಪಂಖ ತಣ್ಣನೆಯ ಗಾಳಿಯನ್ನೇನೂ ತಯಾರಿಸುತ್ತಿರಲಿಲ್ಲ; ಗಿರಣಿಯ ಹೊಟ್ಟಿನ ದೂಳನ್ನು ಮಾತ್ರ ಶ್ರದ್ಧೆಯಿಂದ ಒಳಗೆ ತುಂಬುತ್ತಿತ್ತು. ದೂಳು ಉಪಕರಣಗಳ ಮೇಲೆ ಕಂಬಳಿಯಂತೆ ಹೊದ್ದುಕೊಂಡರೆ ಶಾಖ ಹೊರಬರುವ ದಾರಿಯೂ ಮುಚ್ಚುತ್ತದೆ. ತೆರೆದ ಬಾಗಿಲಿನಿಂದ ಹಲ್ಲಿಗಳು ಬರುತ್ತವೆ, ಇಲಿಗಳು ಬರುತ್ತವೆ. ಎರಡು ತಾಮ್ರದ ಪಟ್ಟಿಗಳ ನಡುವೆ ಒಂದು ಹಲ್ಲಿ ಅಡ್ಡಬಿದ್ದರೆ ಸಾಕು, ಆ ಕ್ಷಣದಲ್ಲಿ ಹುಟ್ಟುವ ಕಿಡಿ ಎದುರಿಗೆ ಕುಳಿತವನ ಮುಖವನ್ನು ಸುಡಬಲ್ಲದು.

ಆ ಗಿರಣಿಯ ಯಜಮಾನರು ಶೈತ್ಯಯಂತ್ರವೊಂದನ್ನು ಕೊಳ್ಳುವ ಯೋಚನೆಯಲ್ಲಿದ್ದರು. ಬೆಲೆಯನ್ನೂ ವಿಚಾರಿಸಿದ್ದಾಗಿತ್ತು. ಪ್ಯಾನೆಲನ್ನು ಸುತ್ತಿ ನೋಡಿದರೆ, ಅದಕ್ಕೆ ಮೊದಲೇ ಗಾಳಿಯಾಡುವ ವ್ಯವಸ್ಥೆ ಇತ್ತು! ಕೆಳಗೆ ಒಂದು ಪಂಖ, ಅದರ ಮುಂದೆ ಶೋಧಕದ ಹಾಸು, ಮೇಲೆ ಬಿಸಿಗಾಳಿ ಹೊರಹೋಗುವ ಜಾಲರಿ. ಶೋಧಕ ಹೊಟ್ಟುದೂಳು ಹಿಡಿದು ಕಂಬಳಿಯ ತುಂಡಿನಂತಾಗಿತ್ತು. ಮೇಲಿನ ಜಾಲರಿಗೆ ಒತ್ತಿಕೊಂಡು ಯಾರೋ ಖಾಲಿ ಚೀಲಗಳನ್ನು ಪೇರಿಸಿದ್ದರು. ಪಡುವಣ ಕಿಟಕಿಯ ಬಿಸಿಲು ಮಧ್ಯಾಹ್ನ ಮೂರರಿಂದ ಸಂಜೆಯವರೆಗೆ ನೇರವಾಗಿ ಬಾಗಿಲ ಮೇಲೆ ಬೀಳುತ್ತಿತ್ತು. ಶೋಧಕ ಬದಲಾಯಿತು, ಚೀಲಗಳು ಇಳಿದವು, ಕಿಟಕಿಗೆ ಒಂದು ತಟ್ಟಿ ಬಂತು. ಅಷ್ಟರಿಂದಲೇ ಬಾಗಿಲು ಮುಚ್ಚಲು ಸಾಧ್ಯವಾಯಿತು. ಹುಡುಗನಿಗೆ ಬೇರೆ ಪಂಖ ಸಿಕ್ಕಿತೋ ಇಲ್ಲವೋ, ವಿಚಾರಿಸಿದ್ದರೆ ಚೆನ್ನಾಗಿತ್ತು.

ಆದುದರಿಂದ ತಂಪುಮಾಡುವ ಯಂತ್ರವನ್ನು ಆರಿಸುವುದಕ್ಕೆ ಮುಂಚೆ ಕೇಳಬೇಕಾದ ಪ್ರಶ್ನೆಗಳು ಕೆಲವಿವೆ. ಈ ಶಾಖ ಹುಟ್ಟಲೇಬೇಕೆ? ಹುಟ್ಟಿದರೂ ಬೀರುವಿನ ಒಳಗೇ ಹುಟ್ಟಬೇಕೆ? ಸಡಿಲವಾದ ಒಂದು ತಂತಿಕೂಡಿಕೆ ಕೆಂಡದಂತೆ ಕಾಯುತ್ತದೆ. ಅದಕ್ಕೆ ಬೇಕಾದುದು ತಣ್ಣನೆಯ ಗಾಳಿಯಲ್ಲ, ತಿರುಪುಳಿಯ ಎರಡು ಸುತ್ತು. ಈಗ ಶಾಖವನ್ನೇ ಚಿತ್ರವಾಗಿ ತೋರಿಸುವ ಕ್ಯಾಮರಾಗಳು ದೊರೆಯುತ್ತವೆ. ವರ್ಷಕ್ಕೊಮ್ಮೆ ಅದರಿಂದ ನೋಡಿಸಿದರೆ ಇಂಥ ಕೂಡಿಕೆಗಳು ಕತ್ತಲಲ್ಲಿ ದೀಪದಂತೆ ಎದ್ದುಕಾಣುತ್ತವೆ. ಇನ್ನು, ಹೊಲದ ಬದಿಯ ಪಂಪುಮನೆಗಳಲ್ಲಿ, ರಸ್ತೆಯ ಅಂಚಿನಲ್ಲಿ, ಬಯಲಿನಲ್ಲೇ ನಿಲ್ಲುವ ಪೆಟ್ಟಿಗೆಗಳಿರುತ್ತವೆ. ನಡುಹಗಲ ಬಿಸಿಲು ಒಂದು ಚದರ ಮೀಟರಿನ ಮೇಲೆ ಸುಮಾರು 1,000 ವಾಟಿನಷ್ಟು ಬೀಳುತ್ತದೆ. ನಾವು ಲೆಕ್ಕಹಾಕಿದ ಡ್ರೈವಿನ ಶಾಖಕ್ಕಿಂತಲೂ ಹೆಚ್ಚು. ಅದರಲ್ಲಿ ಒಳಗೆ ಬರುವುದು ಒಂದು ಪಾಲೇ ಆದರೂ ಸಾಮಾನ್ಯವಲ್ಲ. ಮೇಲೊಂದು ತಗಡಿನ ಚಪ್ಪರ, ಅದಕ್ಕೂ ಪೆಟ್ಟಿಗೆಗೂ ನಡುವೆ ಗಾಳಿಯಾಡಲು ನಾಲ್ಕು ಬೆರಳ ಸಂದು, ಮೈಗೆ ಬಿಳಿಯ ಬಣ್ಣ, ಇಷ್ಟರಿಂದ ಆಗುವ ಉಪಕಾರವನ್ನು ಸಾವಿರಾರು ರೂಪಾಯಿ ಬೆಲೆಯ ಯಂತ್ರವೂ ಮಾಡಲಾರದು. ಮೂಗಿಗಿಂತ ಮೂಗುತಿ ಭಾರವಾಗಬಾರದು.

ಇವನ್ನೆಲ್ಲ ಮಾಡಿದ ಮೇಲೂ ಉಳಿಯುವ ಶಾಖವನ್ನು ಲೆಕ್ಕಕ್ಕೆ ತೆಗೆದುಕೊಳ್ಳೋಣ. ಉಕ್ಕಿನ ಬೀರು ತಾನೇ ಸ್ವಲ್ಪ ಶಾಖವನ್ನು ಹೊರಗೆ ಬಿಡುತ್ತದೆ. ಬಣ್ಣ ಬಳಿದ ಉಕ್ಕಿನ ತಗಡು, ಒಳಗೂ ಹೊರಗೂ ಒಂದು ಡಿಗ್ರಿ ಅಂತರವಿದ್ದರೆ, ಚದರ ಮೀಟರಿಗೆ ಸುಮಾರು ಐದೂವರೆ ವಾಟನ್ನು ದಾಟಿಸುತ್ತದೆ. ಎರಡು ಮೀಟರ್ ಎತ್ತರ, 80 ಸೆಂಟಿಮೀಟರ್ ಅಗಲ, 60 ಸೆಂಟಿಮೀಟರ್ ಆಳದ ಒಂದು ಬೀರು ಗೋಡೆಗೆ ಬೆನ್ನುಕೊಟ್ಟು ನಿಂತಿದೆಯೆನ್ನಿ. ಗೋಡೆಯ ಕಡೆಯ ಮುಖ, ನೆಲದ ಕಡೆಯ ಮುಖ ಇವುಗಳ ಬಹುಪಾಲನ್ನು ಹೆಚ್ಚು ಪ್ರಯೋಜನವಿಲ್ಲವೆಂದು ಕಳೆದರೆ ಕೆಲಸಕ್ಕೆ ಬರುವ ಮೈ ಸುಮಾರು ಐದು ಚದರ ಮೀಟರ್. ಅಂದರೆ ಒಂದು ಡಿಗ್ರಿಗೆ 28 ವಾಟ್. ನಮ್ಮ 1,050 ವಾಟೂ ಈ ದಾರಿಯಿಂದಲೇ ಹೊರಹೋಗಬೇಕಾದರೆ ಒಳಗಿನ ಉಷ್ಣತೆ ಹೊರಗಿನದಕ್ಕಿಂತ 37 ಡಿಗ್ರಿಗೂ ಮೇಲೆ ಏರಬೇಕು. ಹೊರಗೆ 40 ಇದ್ದರೆ ಒಳಗೆ 77! ಬಹುಪಾಲು ಡ್ರೈವುಗಳು ಪೂರ್ಣ ಹೊರೆಯನ್ನು ಹೊರುವುದು ಸುತ್ತಲಿನ ಗಾಳಿ 40 ಡಿಗ್ರಿಯವರೆಗೆ ಇರುವಾಗ, 50ರವರೆಗೆ ಕಡಮೆ ಹೊರೆಯಲ್ಲಿ ದುಡಿಯುತ್ತವೆ, ಅದರಾಚೆಗೆ ಕೈಚೆಲ್ಲುತ್ತವೆ. ಹಾಗಾದರೆ ಬೀರು ತಾನಾಗಿ ತಣಿಯುವ ಮಾತು ಇಲ್ಲಿ ಸಲ್ಲದು. ನೂರಿನ್ನೂರು ವಾಟಿನ ಚಿಕ್ಕ ಪ್ಯಾನೆಲಾದರೆ ಧಾರಾಳವಾಗಿ ಸಲ್ಲುತ್ತದೆ. ಅಂಥ ಕಡೆ ಒಂದು ಕಾಸೂ ಖರ್ಚುಮಾಡಬೇಕಾಗಿಲ್ಲ.

ಎರಡನೆಯ ಉಪಾಯ ಗಾಳಿಯಾಡಿಸುವುದು. ನಮ್ಮ ಹಿರಿಯರು ತೊಟ್ಟಿಮನೆಗಳನ್ನು ಕಟ್ಟುವಾಗ ಅಡಿಗೆಮನೆಗೆ ಹೊಗೆಗೂಡನ್ನು ಮೇಲೆಯೇ ಇಡುತ್ತಿದ್ದರು. ಬಿಸಿಗಾಳಿ ಹಗುರ, ಮೇಲೇರುತ್ತದೆಂಬುದು ಅವರಿಗೆ ಪುಸ್ತಕ ಓದಿ ತಿಳಿದದ್ದಲ್ಲ. ಪ್ಯಾನೆಲಿಗೂ ಅದೇ ಧರ್ಮ. ಪಂಖ ಕೆಳಗಿರಬೇಕು, ಗಾಳಿಯನ್ನು ಒಳಕ್ಕೆ ನೂಕಬೇಕು. ಬಿಸಿಗಾಳಿ ಮೇಲಿನ ಜಾಲರಿಯಿಂದ ಹೊರಬೀಳಬೇಕು. ಮೇಲೆ ಪಂಖವಿಟ್ಟು ಗಾಳಿಯನ್ನು ಹೊರಕ್ಕೆ ಸೆಳೆದರೂ ಆದೀತಲ್ಲ ಎಂದು ಕೇಳುವವರುಂಟು. ತಂಪೇನೋ ಆದೀತು. ಆದರೆ ಹೊರಕ್ಕೆ ಸೆಳೆದಾಗ ಒಳಗಿನ ಒತ್ತಡ ತುಸು ಇಳಿದು, ಬಾಗಿಲಿನ ಸಂದು, ತಂತಿಯ ತೂತು, ಎಲ್ಲೆಲ್ಲಿ ಬಿರುಕಿದೆಯೋ ಅಲ್ಲೆಲ್ಲ ದೂಳಿನ ಗಾಳಿ ನುಸುಳುತ್ತದೆ. ಒಳಕ್ಕೆ ನೂಕಿದರೆ ಒಳಬರುವುದೆಲ್ಲ ಶೋಧಕದ ಮೂಲಕವೇ ಬರುತ್ತದೆ; ಬಿರುಕುಗಳಿಂದ ಗಾಳಿ ಹೊರಗೇ ಹೋಗುತ್ತಿರುತ್ತದೆ. ಅಲ್ಪ ಭೇದವೆಂದು ಕಂಡರೂ ಎರಡು ವರ್ಷದ ಮೇಲೆ ಬಾಗಿಲು ತೆರೆದು ನೋಡಿದವರಿಗೆ ಅದರ ಬೆಲೆ ತಿಳಿಯುತ್ತದೆ.

ಎಷ್ಟು ಗಾಳಿ ಬೇಕು? ಇದಕ್ಕೊಂದು ಸುಲಭವಾದ ಸೂತ್ರವಿದೆ. ಹೊರಹಾಕಬೇಕಾದ ವಾಟುಗಳನ್ನು, ಒಳಗೂ ಹೊರಗೂ ಇರಬಹುದಾದ ಉಷ್ಣತೆಯ ಅಂತರದಿಂದ ಭಾಗಿಸಿ, 3.1ರಿಂದ ಗುಣಿಸಿದರೆ ಗಂಟೆಗೆ ಇಷ್ಟು ಘನಮೀಟರ್ ಗಾಳಿ ಎಂದು ಬರುತ್ತದೆ. ಇದು ಸಮುದ್ರಮಟ್ಟದ ಲೆಕ್ಕ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ಅಲ್ಲಿಯ ಗಾಳಿ ಹತ್ತರಲ್ಲೊಂದು ಪಾಲಿನಷ್ಟು ತೆಳು. ಆದುದರಿಂದ ಹತ್ತರಲ್ಲೊಂದು ಪಾಲು ಹೆಚ್ಚು ಗಾಳಿ ಬೇಕು. ನಮ್ಮ ಬೀರುವನ್ನು ಬೆಂಗಳೂರಿನ ಒಂದು ಕಾರ್ಖಾನೆಯಲ್ಲಿ ಇಟ್ಟು ನೋಡೋಣ. ಹೊರಗೆ 30 ಡಿಗ್ರಿ, ಒಳಗೆ 40 ದಾಟಬಾರದು, ಅಂತರ 10. ಬೀರುವಿನ ಮೈ 280 ವಾಟನ್ನು ತಾನೇ ಬಿಡುತ್ತದೆ. ಉಳಿದ 770 ವಾಟಿಗೆ ಗಂಟೆಗೆ ಸುಮಾರು 265 ಘನಮೀಟರ್ ಗಾಳಿ ಸಾಕು. ಏಪ್ರಿಲ್ ಬಂತು, ಹೊರಗೆ 35 ಆಯಿತು. ಅಂತರ ಐದೇ ಡಿಗ್ರಿ ಉಳಿಯಿತು. ಈಗ ಬೇಕಾಗುವ ಗಾಳಿ 620 ಘನಮೀಟರ್; ಎರಡು ಪಾಲಿಗಿಂತಲೂ ಹೆಚ್ಚು. ಹೊರಗೆ 38 ಆದರೆ ಎಷ್ಟು ಬೇಕೆಂಬುದನ್ನು ತಾವೇ ಭಾಗಿಸಿ ನೋಡಬಹುದು. ಹೊರಗೆ 40 ಆದಾಗ ಬಿರುಗಾಳಿಯನ್ನೇ ಒಳಕ್ಕೆ ಬಿಟ್ಟರೂ 40ರಲ್ಲಿ ನಿಲ್ಲಿಸುವುದು ಅಸಾಧ್ಯ. ಪಂಖ ಎಂದಿಗೂ ಹೊರಗಾಳಿಗಿಂತ ತಂಪನ್ನು ಕೊಡಲಾರದು. ನಮ್ಮ ಮೈಗೆ ಪಂಖ ತಂಪೆನಿಸುವುದು ಬೆವರು ಆರುವುದರಿಂದ, ಡ್ರೈವು ಬೆವರುವುದಿಲ್ಲ.

ಇಷ್ಟರಿಂದ ಒಂದು ಮಾತು ಸ್ಪಷ್ಟವಾಗುತ್ತದೆ. ಆಯ್ಕೆಯನ್ನು ನಿರ್ಧರಿಸುವುದು ಶಾಖದ ಮೊತ್ತಕ್ಕಿಂತ ಹೆಚ್ಚಾಗಿ ಆ ಊರಿನ ಅತ್ಯಂತ ಸೆಕೆಯ ಮಧ್ಯಾಹ್ನ. ವರ್ಷದ ಸರಾಸರಿ ಉಷ್ಣತೆಯನ್ನು ಹಿಡಿದು ಪಂಖವನ್ನು ಕೊಂಡವರು ಹತ್ತು ತಿಂಗಳು ನೆಮ್ಮದಿಯಾಗಿರುತ್ತಾರೆ. ಇನ್ನೊಂದು ಎಚ್ಚರಿಕೆ: ಪಂಖದ ಮೇಲೆ ಬರೆದಿರುವ ಗಾಳಿಯ ಪ್ರಮಾಣ ಬಯಲಿನಲ್ಲಿ ತಡೆಯಿಲ್ಲದೆ ಬೀಸುವಾಗಿನದು. ಶೋಧಕದ ಹಾಸು ಮುಂದೆ ಬಂದಾಗ ಅದು ಇಳಿಯುತ್ತದೆ. ದೂಳು ಕಟ್ಟಿದಾಗ ಇನ್ನೂ ಇಳಿಯುತ್ತದೆ. ಅಕ್ಕಿಗಿರಣಿ, ಹತ್ತಿಯ ಗಿರಣಿ, ಸಿಮೆಂಟು ಕಾರ್ಖಾನೆಗಳಲ್ಲಿ ಶೋಧಕವನ್ನು ವಾರಕ್ಕೊಮ್ಮೆ ಕೊಡವಲು ಒಬ್ಬ ಮನುಷ್ಯನನ್ನು ನೇಮಿಸದೆ ಪಂಖವನ್ನು ಹಾಕುವುದು ಕೇವಲ ಸಮಾಧಾನಕ್ಕೆ ಮಾಡಿದಂತಾಗುತ್ತದೆ. ಹತ್ತಿಯ ನಯವಾದ ನಾರು ಶೋಧಕವನ್ನು ಕಟ್ಟಿಹಾಕುವ ವೇಗವನ್ನು ದಾವಣಗೆರೆಯ ಹಳೆಯ ಗಿರಣಿಗಳಲ್ಲಿ ದುಡಿದವರನ್ನು ಕೇಳಿದರೆ ಹೇಳಿಯಾರು.

ಪೆಟ್ಟಿಗೆಯೊಳಕ್ಕೆ ದೂಳೂ ನೀರೂ ಎಷ್ಟರಮಟ್ಟಿಗೆ ಹೋಗಬಾರದೆಂಬುದಕ್ಕೆ ಅಂತರರಾಷ್ಟ್ರೀಯವಾಗಿ ಒಂದು ಗುರುತಿದೆ. ಐಪಿ ಎಂಬ ಎರಡಕ್ಷರದ ಮುಂದೆ ಎರಡು ಅಂಕಿಗಳು. ಮೊದಲನೆಯದು ದೂಳಿಗೆ, ಎರಡನೆಯದು ನೀರಿಗೆ. ಐಪಿ 54 ಎಂದರೆ ಕೇಡಾಗುವಷ್ಟು ದೂಳು ಹೋಗದು, ಸಿಡಿದ ನೀರು ಹೋಗದು. ಐಪಿ 65 ಎಂದರೆ ದೂಳು ಸ್ವಲ್ಪವೂ ಹೋಗದು, ಕೊಳವೆಯಿಂದ ಚಿಮ್ಮಿಸಿದ ನೀರೂ ಹೋಗದು. ಐಪಿ 65ರ ಬೀರುವನ್ನು ದುಬಾರಿ ಬೆಲೆಗೆ ಕೊಂಡುತಂದು, ಸೆಕೆ ತಡೆಯದೆ ಅದಕ್ಕೆ ಗರಗಸದಿಂದ ಕಿಟಕಿ ಕೊಯ್ದರೆ ಆ ಅಂಕಿಗಳು ಆ ಗಳಿಗೆಗೇ ಅಳಿಸಿಹೋದಂತೆ. ಹಾಲಿನ ಡೈರಿಯಂತೆ ದಿನವೂ ನೀರು ಹೊಡೆದು ತೊಳೆಯುವ ಕಡೆ, ಮಂಗಳೂರಿನಂತೆ ಕಡಲಗಾಳಿಯ ಉಪ್ಪು ತಾಮ್ರವನ್ನು ತಿನ್ನುವ ಕಡೆ, ಹೊರಗಾಳಿಯನ್ನು ಒಳಗೆ ಬಿಡುವ ಮಾತನ್ನೇ ಎತ್ತಬಾರದು. ಅಲ್ಲಿ ಬೀರು ಮುಚ್ಚಿಯೇ ಇರಬೇಕು. ಶಾಖ ಮಾತ್ರ ಹೊರಬರಬೇಕು.

ಅದಕ್ಕೆ ಮೂರು ನಾಲ್ಕು ದಾರಿಗಳಿವೆ. ಹೊರಗಾಳಿ ಒಳಗಿನದಕ್ಕಿಂತ ಯಾವಾಗಲೂ ತಂಪಾಗಿರುವ ಕಡೆ ಶಾಖವಿನಿಮಯಕ ಸಾಕು. ತೆಳುತಗಡಿನ ಗೋಡೆಯ ಒಂದು ಬದಿಗೆ ಒಳಗಾಳಿ, ಇನ್ನೊಂದು ಬದಿಗೆ ಹೊರಗಾಳಿ ಹರಿಯುತ್ತವೆ. ಎರಡೂ ಒಂದನ್ನೊಂದು ಮುಟ್ಟುವುದಿಲ್ಲ, ಶಾಖ ಮಾತ್ರ ಕೈಬದಲಾಗುತ್ತದೆ. ಕೆಡುವ ಭಾಗಗಳು ಕಡಮೆ, ವಿದ್ಯುತ್ತಿನ ಖರ್ಚೂ ಕಡಮೆ. ಸಮೀಪದಲ್ಲಿ ತಣ್ಣೀರಿನ ಕೊಳವೆ ಇದ್ದರೆ ನೀರಿನ ವಿನಿಮಯಕ ಇನ್ನೂ ಮೇಲು. ಒಂದೇ ಗಾತ್ರದ ಗಾಳಿಗಿಂತ ನೀರು ಸುಮಾರು ಮೂರೂವರೆ ಸಾವಿರ ಪಾಲು ಹೆಚ್ಚು ಶಾಖವನ್ನು ಹೊರಬಲ್ಲದು. ಒಂದು ಕಿಲೋವಾಟ್ ಶಾಖಕ್ಕೆ, ನೀರು 5 ಡಿಗ್ರಿ ಬಿಸಿಯಾಗಲೆಂದರೆ, ನಿಮಿಷಕ್ಕೆ ಮೂರು ಲೀಟರಿಗಿಂತ ಕಡಮೆ ಸಾಕು. ಆದರೆ ಕೊಳವೆ ಸೋರಿದರೆ ನೀರೂ ವಿದ್ಯುತ್ತೂ ಒಂದೇ ಮನೆಯಲ್ಲಿ ವಾಸಮಾಡಿದಂತಾಗುತ್ತದೆ. ನೀರಿನ ಜಾಗ ಬೀರುವಿನ ಹೊರಗೆ ಇಲ್ಲವೆ ಅತ್ಯಂತ ಕೆಳಗೆ ಇರುವುದೇ ಕ್ಷೇಮ.

ರಾಯಚೂರು, ಕಲಬುರಗಿಗಳ ಬೇಸಗೆಯಲ್ಲಿ, ನೆರಳಿನಲ್ಲೇ 40 ದಾಟುವ ಮಧ್ಯಾಹ್ನಗಳಲ್ಲಿ, ಇವು ಯಾವುವೂ ಸಾಲದೆ ಹೋಗುತ್ತವೆ. ಆಗ ಶೈತ್ಯಯಂತ್ರ, ಎಂದರೆ ಏರ್ ಕಂಡೀಷನರ್ ಬೇಕು. ಶ್ರೀಮಂತರ ಮನೆಯ ಸುಖಸಾಧನವೆಂದು ನಾವು ತಿಳಿದಿರುವ ಈ ಯಂತ್ರ ಹುಟ್ಟಿದ್ದು ಮನುಷ್ಯರಿಗಾಗಿ ಅಲ್ಲವೆಂಬುದು ಸ್ವಾರಸ್ಯದ ಸಂಗತಿ. ವಿಲಿಸ್ ಕ್ಯಾರಿಯರ್ 1902ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್ನಿನಲ್ಲಿದ್ದ ಒಂದು ಮುದ್ರಣಾಲಯಕ್ಕಾಗಿ ಅದನ್ನು ಯೋಜಿಸಿದ. ಗಾಳಿಯ ತೇವಕ್ಕೆ ಕಾಗದ ಹಿಗ್ಗಿ ಕುಗ್ಗಿ, ಬಣ್ಣದ ಮೇಲೆ ಬಣ್ಣ ಸರಿಯಾಗಿ ಕೂರದೆ ಹೋಗುತ್ತಿದ್ದುದು ಅದಕ್ಕೆ ಕಾರಣ. ಹೀಗೆ ವಸ್ತುಗಳಿಗಾಗಿ ಹುಟ್ಟಿದ್ದು ಈಗ ಪ್ಯಾನೆಲುಗಳ ಮೈಮೇಲೆ ತೂಗಿಕೊಂಡು ಮತ್ತೆ ವಸ್ತುಗಳ ಸೇವೆಗೆ ಬಂದಿದೆ.

ನಮ್ಮ ಅದೇ ಬೀರುವನ್ನು ರಾಯಚೂರಿಗೆ ಸಾಗಿಸೋಣ. ಹೊರಗೆ 44 ಡಿಗ್ರಿ. ಒಳಗೆ 35 ಇರಲೆಂದು ನಿಶ್ಚಯಿಸಿದ್ದೇವೆ. ಈಗ ಬೀರುವಿನ ಮೈ ಮಿತ್ರನಾಗಿದ್ದುದು ಶತ್ರುವಾಯಿತು. ಹೊರಗಿನ ಶಾಖವೇ ಒಳಕ್ಕೆ ನುಗ್ಗುತ್ತದೆ. 9 ಡಿಗ್ರಿಗೆ, 28 ವಾಟಿನಂತೆ, ಸುಮಾರು 250 ವಾಟ್. ಒಳಗಿನ 1,050ನ್ನು ಕೂಡಿದರೆ 1,300 ವಾಟ್. ಫಲಕದಲ್ಲಿ 1,500 ವಾಟ್ ಎಂದಿದೆಯಲ್ಲ, ತಂದರಾಯಿತು ಎಂದು ಹೊರಡಬೇಡಿ. ಆ ಅಂಕಿ ಒಳಗೂ ಹೊರಗೂ 35 ಡಿಗ್ರಿ ಇರುವಾಗಿನದಾಗಿರುವುದೇ ಹೆಚ್ಚು; ಹೊರಗಿನ ಸೆಕೆ ಏರಿದಂತೆ ಯಂತ್ರದ ಶಕ್ತಿ ಇಳಿಯುತ್ತದೆ. ತಯಾರಕರು ಕೊಡುವ ರೇಖಾಪಟದಲ್ಲಿ 44 ಡಿಗ್ರಿಯ ಎದುರಿಗೆ ಎಷ್ಟಿದೆಯೆಂದು ನೋಡಿ ಕೊಳ್ಳತಕ್ಕದ್ದು. ಹೆಚ್ಚಿದ್ದರೆ ಒಳ್ಳೆಯದೇ ಎಂದು ಇಮ್ಮಡಿ ಗಾತ್ರದ್ದನ್ನು ತರುವುದೂ ತಪ್ಪು. ಅದು ನಿಮಿಷಕ್ಕೊಮ್ಮೆ ಹೊರಟು ನಿಂತು ತನ್ನ ಕಂಪ್ರೆಸರನ್ನೇ ಸವೆಸಿಕೊಳ್ಳುತ್ತದೆ.

ಕೆಲವರು ತಮ್ಮ ಪ್ಯಾನೆಲನ್ನು 25 ಡಿಗ್ರಿಗೆ, ಇನ್ನೂ ಕೆಳಕ್ಕೆ, ಇಳಿಸಿ ಹೆಮ್ಮೆಪಡುತ್ತಾರೆ. ಮನೆಗೆ ಬಂದ ಅತಿಥಿಗೆ ಮಾಡುವ ಉಪಚಾರದಂತೆ. 25ಕ್ಕೆ ಇಳಿಸಿದರೆ ನಮ್ಮ ಬೀರುವಿನ ಹೊರೆ 1,300ರಿಂದ ಸುಮಾರು 1,580 ವಾಟಿಗೆ ಏರುತ್ತದೆ. ವಿದ್ಯುತ್ತಿನ ಖರ್ಚು ಬೇರೆ. ಇದಕ್ಕಿಂತ ಕೆಡುಕು ನೀರಿನದು. ತಣ್ಣೀರು ತುಂಬಿದ ಹಿತ್ತಾಳೆಯ ಚೆಂಬಿನ ಹೊರಮೈ ಬೆವರುವುದನ್ನು ಎಲ್ಲರೂ ಕಂಡಿದ್ದೇವೆ. ಕರಾವಳಿಯಲ್ಲಿ ಗಾಳಿ 30 ಡಿಗ್ರಿ ಇದ್ದು ತೇವ ನೂರಕ್ಕೆ 80ರಷ್ಟಿದ್ದರೆ, 26 ಡಿಗ್ರಿಗೆ ಇಳಿದ ಯಾವ ವಸ್ತುವಿನ ಮೇಲೂ ಇಬ್ಬನಿ ಕೂರುತ್ತದೆ. 25 ಡಿಗ್ರಿಯ ಪ್ಯಾನೆಲಿನ ಬಾಗಿಲನ್ನು ಮಂಗಳೂರಿನಲ್ಲಿ ತೆರೆದರೆ ಎಲೆಕ್ಟ್ರಾನಿಕ್ ಹಲಗೆಗಳ ಮೇಲೆ ನೀರಿನ ಮಣಿಗಳು ಮೂಡುವುದಕ್ಕೆ ಬಹಳ ಹೊತ್ತು ಬೇಡ. 35ಕ್ಕೆ ನಿಲ್ಲಿಸಿದರೆ ಈ ಭಯವಿಲ್ಲ. ಬಾಗಿಲು ತೆರೆದೊಡನೆ ಶೈತ್ಯಯಂತ್ರ ನಿಲ್ಲುವಂತೆ ಒಂದು ಸ್ವಿಚ್ಚನ್ನು ಇಡುವುದು ಉತ್ತಮ. ಯಂತ್ರ ಹೀರಿದ ನೀರು ಹೊರಹೋಗುವ ಸಣ್ಣ ಕೊಳವೆ ಎಲ್ಲೂ ಮಡಿಸಿಕೊಳ್ಳದೆ ಇಳಿಜಾರಾಗಿರಬೇಕು. ಅದು ಕಟ್ಟಿಕೊಂಡರೆ ನೀರು ಒಳಗೇ ತೊಟ್ಟಿಕ್ಕುತ್ತದೆ. ಹಾಗೆಯೇ ಮಣ್ಣಿನ ಹೂಜಿಯ ತತ್ವದ ಮೇಲೆ, ಒದ್ದೆ ಚಾಪೆಯ ಮೂಲಕ ಗಾಳಿ ಬೀಸುವ ಕೂಲರುಗಳು ರಾಯಚೂರಿನ ಒಣಹವೆಯಲ್ಲಿ ಮನುಷ್ಯರಿಗೆ ಬಹು ಹಿತ. ಅದರ ಬಾಯನ್ನು ಪ್ಯಾನೆಲಿಗೆ ತಿರುಗಿಸುವುದು ಮಾತ್ರ ಬೇಡ.

ಒಳಗಿನ ಅಚ್ಚುಕಟ್ಟು ಕೆಟ್ಟಿದ್ದರೆ ಎಂಥ ಯಂತ್ರವೂ ನಿಷ್ಪ್ರಯೋಜಕ. ಡ್ರೈವಿನ ಸ್ವಂತ ಪಂಖ ಗಾಳಿಯನ್ನು ಕೆಳಗಿನಿಂದ ಮೇಲಕ್ಕೆ ಎಳೆಯುತ್ತದೆ. ಮೇಲೆ ಕೂಡಿಸಿದ ಶೈತ್ಯಯಂತ್ರ ತಣ್ಣನೆಯ ಗಾಳಿಯನ್ನು ನೇರವಾಗಿ ಅದರ ನೆತ್ತಿಗೇ ಸುರಿದರೆ ಇಬ್ಬರು ಎದುರುಬದುರಾಗಿ ಒಂದೇ ಬಾಗಿಲಲ್ಲಿ ನುಗ್ಗಿದ ಹಾಗೆ ಆಗಿ, ಗಾಳಿ ನಿಂತಲ್ಲೇ ನಿಲ್ಲುತ್ತದೆ. ಡ್ರೈವಿನ ಮೇಲೂ ಕೆಳಗೂ ತಯಾರಕರು ಹೇಳಿದಷ್ಟು ಜಾಗವನ್ನು ಖಾಲಿ ಬಿಡದೆ ತಂತಿಯ ಕಂತೆಗಳನ್ನು ತುರುಕಿದರೂ ಅಷ್ಟೆ. ಬೀರುವಿನ ಒಂದು ಮೂಲೆ ಹಿಮಾಲಯ, ಇನ್ನೊಂದು ಮೂಲೆ ಬಳ್ಳಾರಿ.

ಬೇರೆ ಎರಡು ವಿಧಾನಗಳ ಹೆಸರನ್ನು ಹೇಳಿ ಮುಂದುವರಿಯುತ್ತೇನೆ. ಮೊದಲು ಗಡಿಯಾರದ ಕಸುಬಿನಲ್ಲಿದ್ದ ಪೆಲ್ಟಿಯೆ ಎಂಬ ಫ್ರೆಂಚ್ ಗೃಹಸ್ಥ 1834ರಲ್ಲಿ, ಎರಡು ಲೋಹಗಳ ಕೂಡಿಕೆಯಲ್ಲಿ ವಿದ್ಯುತ್ತು ಹರಿಸಿದರೆ ಒಂದು ಕಡೆ ತಣ್ಣಗಾಗುವುದನ್ನು ಕಂಡ. ಈ ತತ್ವದ ಪುಟ್ಟ ಶೈತ್ಯಘಟಕಗಳು ಚಿಕ್ಕ ಪೆಟ್ಟಿಗೆಗಳಿಗೆ ಒಪ್ಪುತ್ತವೆ; ಅವುಗಳಲ್ಲಿ ಕಂಪ್ರೆಸರೂ ಇಲ್ಲ, ಶೈತ್ಯದ್ರವವೂ ಇಲ್ಲ. ದೊಡ್ಡ ಹೊರೆಗೆ ಅವು ತಿನ್ನುವ ವಿದ್ಯುತ್ತು ಬಹಳ. ಇನ್ನೊಂದು 1930ರ ದಶಕದಲ್ಲಿ ರಾಂಕ್ ಎಂಬ ಇನ್ನೊಬ್ಬ ಫ್ರೆಂಚನು ಕಂಡುಹಿಡಿದ ಸುಳಿಕೊಳವೆ. ಅದುಮಿದ ಗಾಳಿಯನ್ನು ಓರೆಯಾಗಿ ಕೊಳವೆಯೊಳಕ್ಕೆ ಬಿಟ್ಟರೆ ಅದು ಸುಳಿಸುತ್ತಿ, ಒಂದು ತುದಿಯಿಂದ ಬಿಸಿಗಾಳಿಯಾಗಿ, ಇನ್ನೊಂದು ತುದಿಯಿಂದ ತಣ್ಣಗಾಳಿಯಾಗಿ ಹೊರಬರುತ್ತದೆ! ನೋಡಿದವರು ಬೆರಗಾಗುತ್ತಾರೆ. ಅದುಮಿದ ಗಾಳಿಯ ಕೊಳವೆ ಹತ್ತಿರವಿದ್ದು, ಶೈತ್ಯಯಂತ್ರ ಬದುಕಲಾರದಷ್ಟು ದೂಳು ಅಥವಾ ಬೇಗೆ ಇರುವ ಕಡೆ ಇದು ಸಮಯಕ್ಕೆ ಒದಗುತ್ತದೆ. ಆದರೆ ಅರ್ಧ ಕಿಲೋವಾಟ್ ಶಾಖವನ್ನು ತೆಗೆಯಲು ದೂರದ ಕಂಪ್ರೆಸರು ಸುಮಾರು ನಾಲ್ಕು ಕಿಲೋವಾಟ್ ವಿದ್ಯುತ್ತನ್ನು ಸುಡುತ್ತದೆ. ಆ ಬಿಲ್ಲು ಬೇರೆ ಮನೆಯಲ್ಲಿ ಬರುವುದರಿಂದ ಯಾರ ಗಮನಕ್ಕೂ ಬರುವುದಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ, ನನಗೆ ಎಲ್ಲಕ್ಕಿಂತ ಮೆಚ್ಚಿಗೆಯಾದ ಉಪಾಯವನ್ನು ಕೊನೆಗೆ ಉಳಿಸಿಕೊಂಡಿದ್ದೇನೆ. ಡ್ರೈವಿನ ಶಾಖದಲ್ಲಿ ಬಹುಪಾಲು ಹೊರಬೀಳುವುದು ಅದರ ಬೆನ್ನಿಗಿರುವ ಅಲ್ಯೂಮಿನಿಯಮ್ ರೆಕ್ಕೆಗಳಿಂದ. ಬೀರುವಿನ ಹಿಂಗೋಡೆಯಲ್ಲಿ ಅಳತೆಯ ಕಿಂಡಿಯನ್ನು ಬಿಟ್ಟು, ರಬ್ಬರಿನ ಅಂಚು ಕೊಟ್ಟು, ಡ್ರೈವಿನ ಬೆನ್ನು ಮಾತ್ರ ಹೊರಗಿರುವಂತೆ ಕೂಡಿಸಬಹುದು. ಇದಕ್ಕೆ ತಕ್ಕ ಚೌಕಟ್ಟನ್ನು ಅನೇಕ ತಯಾರಕರು ಒದಗಿಸುತ್ತಾರೆ. ಹಾಗೆ ಮಾಡಲು ಬೀರು ಗೋಡೆಯಿಂದ ತುಸು ಮುಂದೆ ಬರಬೇಕು, ಅಷ್ಟೆ. 900 ವಾಟಿನಲ್ಲಿ 600 ಹೀಗೆ ಹೊರಗೇ ಹೋಯಿತೆನ್ನಿ. ಒಳಗೆ ಉಳಿಯುವುದು ಒಟ್ಟು 450 ವಾಟ್. ಬೆಂಗಳೂರಿನಲ್ಲಿ 265 ಘನಮೀಟರ್ ಬೇಕಾಗಿದ್ದ ಕಡೆ ಈಗ 60ಕ್ಕೂ ಕಡಮೆ ಸಾಕು. ಅಂಗೈಯಗಲದ ಪಂಖದ ಕೆಲಸ. ರಾಯಚೂರಿನ 1,300 ವಾಟಿನ ಹೊರೆ 700ಕ್ಕೆ ಇಳಿಯಿತು. ಯಂತ್ರದ ಗಾತ್ರ ಅರ್ಧ, ಬೆಲೆಯೂ ಇಳಿಮುಖ, ಮುಂದೆ ವರ್ಷವರ್ಷವೂ ಬರುವ ವಿದ್ಯುತ್ತಿನ ಬಿಲ್ಲೂ ಹಾಗೆಯೇ. ಆದರೆ ಇದನ್ನು ಪ್ಯಾನೆಲಿನ ನಕ್ಷೆ ಕಾಗದದ ಮೇಲಿರುವಾಗಲೇ ಯೋಚಿಸಬೇಕು. ಪ್ಯಾನೆಲು ಬಂದು ನಿಂತು, ಸುಗ್ಗಿ ಶುರುವಾಗಿ, ಡ್ರೈವು ಎರಡು ಸಲ ನಿಂತ ಮೇಲೆ ಯೋಚಿಸುವುದು, ಊರು ಕೊಳ್ಳೆಹೋದ ಮೇಲೆ ಕೋಟೆಯ ಬಾಗಿಲು ಹಾಕಿದಂತೆ. ನಮ್ಮಲ್ಲಿ ಪ್ಯಾನೆಲನ್ನು ಬರಿಯ ಬೆಲೆ ನೋಡಿ ಕೊಳ್ಳುವ ರೂಢಿ ಇರುವವರೆಗೆ ಕಾಲುಪಂಖದ ವ್ಯಾಪಾರಕ್ಕೆ ಕುಂದಿಲ್ಲ.

ತಂಪಿನ ಮಾತಿನ ನಡುವೆ ಬೆಚ್ಚಗಿಡುವ ಮಾತೂ ಒಂದಿದೆ. ಮಂಡ್ಯ, ಬೆಳಗಾವಿ, ಬಾಗಲಕೋಟೆಗಳ ಕಡೆಯ ಸಕ್ಕರೆ ಕಾರ್ಖಾನೆಗಳು ವರ್ಷವೆಲ್ಲ ಕಬ್ಬು ಅರೆಯುವುದಿಲ್ಲ. ಹಂಗಾಮು ಮುಗಿದು ಮಳೆಗಾಲ ಬಂದಾಗ ಪ್ಯಾನೆಲುಗಳು ತಿಂಗಳುಗಟ್ಟಲೆ ತಣ್ಣಗೆ ನಿಂತಿರುತ್ತವೆ. ರಾತ್ರಿಯ ತಂಪಿಗೆ ಒಳಗಿನ ತೇವ ಇಬ್ಬನಿಯಾಗಿ ಇಳಿದು ತಾಮ್ರಕ್ಕೆ ಹಸಿರು ಕಿಲುಬು ಹತ್ತುತ್ತದೆ. ಹಿಂದಿನ ಮೇಸ್ತ್ರಿಗಳು ಪ್ರತಿ ಪ್ಯಾನೆಲಿನ ತಳದಲ್ಲೂ ಒಂದು 60 ವಾಟಿನ ಬಲ್ಬನ್ನು ಹಗಲಿರುಳು ಉರಿಸುತ್ತಿದ್ದರು. ಕತ್ತಲಲ್ಲಿ ಕೈಗೆ ಬೆಳಕಿಗೂ ಆಯಿತು, ಒಳಗೆ ಬೆಚ್ಚಗೂ ಆಯಿತು. ಈಗ ಅದರ ಬದಲಿಗೆ ಸಣ್ಣ ಹೀಟರುಗಳು ಬರುತ್ತವೆ. ತೇವವನ್ನು ಅಳೆಯುವ ಸ್ವಿಚ್ಚಿನ ಜೊತೆಗೆ ಕೂಡಿಸಿದರೆ, ಬೇಕಾದಾಗ ಮಾತ್ರ ಉರಿಯುತ್ತವೆ. ಒಂದೇ ಎಚ್ಚರ: ಕಾರ್ಖಾನೆಯ ಮುಖ್ಯ ಸ್ವಿಚ್ಚನ್ನು ಆರಿಸಿ ಬೀಗ ಹಾಕಿಕೊಂಡು ಹೋದರೂ ಈ ಹೀಟರಿಗೆ ವಿದ್ಯುತ್ತು ಬರುವಂತೆ ಅದರ ತಂತಿಯನ್ನು ಬೇರೆಯಾಗಿ ಎಳೆದಿರಬೇಕು, ಹಾಗೆ ಎಳೆದಿರುವುದನ್ನು ಬಾಗಿಲ ಒಳಬದಿಯಲ್ಲಿ ದೊಡ್ಡ ಅಕ್ಷರಗಳಲ್ಲಿ ಬರೆದಿರಬೇಕು. ಎಲ್ಲವೂ ಆರಿದೆಯೆಂದು ನಂಬಿ ಕೈಹಾಕುವವನ ಕಣ್ಣಿಗೆ ಅದು ಮೊದಲು ಬೀಳಲಿ.